ಸಾ ಇಲ್ಲದ ಸ್ವಾಗತಗೀತೆ

ಹೋದ ತಿಂಗಳು ನಮ್ಮ ಸಾಲ್ಯಾಗ ಕಂಪ್ಯೂಟರ್ ಹಾಡಿತು.

ಧಾರವಾಡದಿಂದ ಬಂದ ಸಾಹೇಬ್ರು ಕಣ್ಣು ಮುಚ್ಚಿ ಕೇಳಿದ್ರು. ನಮ್ಮ ಹೆಡ್ ಮಾಸ್ತರು ತೊಡಿ ತಟ್ಟಿ ತಾಳ ಹಾಕಿದ್ರು. (ತಾಳ ಎಲ್ಲಿತ್ತು ಅನ್ನೋದು ಅವರಿಗೇ ಗೊತ್ತು.) ಮುಗಿದ ಮ್ಯಾಲೆ ಎಲ್ಲಾರೂ ಎದ್ದು ನಿಂತು ಚಪ್ಪಾಳಿ ಹೊಡದ್ರು. ಆ ಖೋಲಿಯೊಳಗ ಇಬ್ಬರು ಮಾತ್ರ ಚಪ್ಪಾಳಿ ಹೊಡೀಲಿಲ್ಲ. ಒಬ್ಬಾಕಿ ಸಂಗೀತ ಕಲಿಸೋ ಶಾಂತಕ್ಕ, ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೀಲಿಕ್ಕತ್ತಿದ್ದಳು. ಇನ್ನೊಬ್ಬಾಕಿ ನಾನು. ಭೂಮಿ ಬಾಯಿ ತೆರದ್ರ ಒಳಗ ಇಳಿದುಬಿಡಬೇಕು ಅನಸಿತ್ತು.

ಯಾಕಂದ್ರ ಕಂಪ್ಯೂಟರ್ ಹಾಡಿದ್ದು ಹಾಡ ಅಲ್ಲ. ನಾಲ್ಕು ಐಸ್ ಕ್ಯಾಂಡಿ ಗಾಡಿಯವರು ಒಂದ ಓಣ್ಯಾಗ ಜಗಳಕ್ಕ ಬಿದ್ದು ಹಾರ್ನ್ ಒತ್ತಿದ್ರ ಹ್ಯಾಂಗಿರ್ತದ, ಹಂಗಿತ್ತು. ಅದನ್ನ ಕೇಳಿ ಎದ್ದು ನಿಂತ್ರಲ್ರೀ ಜನಾ?

ಮೊದಲಿಂದ ಹೇಳ್ತೇನಿ.

ನಮ್ಮ ಶಿಗ್ಗಾಂವಿ ಹೈಸ್ಕೂಲಿಗೆ ಕಂಪ್ಯೂಟರ್ ಬಂದಾಗಿನ ಸಂಭ್ರಮದ ಬಗ್ಗೆ ಈ ಅಂಕಣದಾಗ ಒಮ್ಮೆ ಬರದಿದ್ದೆ, ನೆನಪಿರಬೇಕು ನಿಮಗ. ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡದು ಒಳಗ ಕರಕೊಂಡ್ವಿ. ಇಡೀ ಸಾಲಿಗೆ ಇದ್ದದ್ದು ಒಂದ ಸೀಲಿಂಗ್ ಫ್ಯಾನು. ಅದನ್ನ ಮಾಸ್ತರ ಖೋಲಿಯಿಂದ ಬಿಚ್ಚಿ ಕಂಪ್ಯೂಟರ್ ನೆತ್ತಿ ಮ್ಯಾಲೆ ಕಟ್ಟಿದ್ವಿ. ಬಾಗಲದಾಗ ಬೋರ್ಡು: ಚಪ್ಪಲಿ ಹೊರಗ ಬಿಡ್ರಿ. ಪಾಠ ಮಾಡೋ ಖೋಲಿಗೆ ಚಪ್ಪಲಿ ಹಾಕ್ಕೊಂಡ ಹೋಗ್ತೇವಿ, ಕಂಪ್ಯೂಟರ್ ಖೋಲಿಗೆ ಬರಿಗಾಲು. ಇವೆರಡರಾಗ ಯಾವುದು ಗುಡಿ ಅನ್ನೋದು ಹುಡುಗರಿಗೆ ಅವತ್ತ ತಿಳೀತು.

ಟ್ರೇನಿಂಗಿಗೆ ಹೋಗಬೇಕಾದವರು ಸೈನ್ಸ್ ಮಾಸ್ತರು. ಅವರಿಗೆ ಹಾನಗಲ್ಲದಾಗ ಭಾವಮೈದುನನ ಮದುವಿ ಬಂತು. ಹಿಂಗಾಗಿ ಗಣಿತ ಕಲಿಸೋ ನನ್ನ ಪಾಳಿ ಹತ್ತಿತು. ಹೋಗೂ ಮುಂದ ಗಣಿತದ ಅಕ್ಕೋರು, ಬರೂ ಮುಂದ ಕಂಪ್ಯೂಟರ್ ಅಕ್ಕೋರು. ಸವಣೂರಿನ ನನ್ನ ತವರಮನಿಯವರು ಒಬ್ಬೊಬ್ಬರ ಬಂದು, ಇದರಾಗ ಜಾತಕ ಕೂಡಿಸಿ ನೋಡಲಿಕ್ಕೆ ಬರ್ತದೇನು ಅಂತ ಸಣ್ಣ ದನಿಯೊಳಗ ಕೇಳಿ ಹೋದ್ರು. ನಮ್ಮನಿಯವರು ಮಾತ್ರ, ಅಷ್ಟೆಲ್ಲಾ ಕಲತೀಯಲ್ಲ, ಮನಿ ಮಿಕ್ಸರ್ ಯಾಕ ತಿರಗವಲ್ದು ನೋಡು ಅಂದ್ರು.

ಆರು ತಿಂಗಳು ಹೋತು. ಅಷ್ಟರಾಗ ನಮ್ಮ ಕಂಪ್ಯೂಟರಿನ ಸಾಧನಾ ಏನಪಾ ಅಂದ್ರ ಹದಿನೇಳರ ಮಗ್ಗಿ. (ನಮ್ಮ ಹುಡುಗರೂ ಹದಿನೇಳರ ಮಗ್ಗಿ ಹೇಳ್ತಾವ. ಕರೆಂಟ್ ಹೋದ್ರೂ ಹೇಳ್ತಾವ.) ಉಳಿದ ಹೊತ್ತು ಅದು ಹೆಡ್ ಮಾಸ್ತರ ಮನಿಯವರು ಹೆಣದು ಕೊಟ್ಟ ಕ್ರೋಶಾ ಹೊದಿಕಿ ಹೊತ್ತುಕೊಂಡು ಮಲಗಿರ್ತಿತ್ತು.

ಆವಾಗ ಒಂದು ಕಾಗದ ಬಂತು. ಜಿಲ್ಲಾ ಕಚೇರಿಯ ಸಾಹೇಬ್ರು ತಪಾಸಣೆಗೆ ಬರೂವವರು. ನೋಡೂದು ಎರಡು ಸಂಗತಿ. ಒಂದು, ಸರಕಾರ ಕೊಟ್ಟ ಕಂಪ್ಯೂಟರಿನ ಬಳಕಿ ಹ್ಯಾಂಗ ಆಗ್ಲಿಕ್ಕತ್ತದ. ಎರಡು, ಈ ಸಾಲಿಗೆ ಸಂಗೀತ ಶಿಕ್ಷಕರ ಹುದ್ದೆ ಬೇಕೋ ಬ್ಯಾಡೋ.

ಎರಡನೇದರಾಗ ಶಾಂತಕ್ಕನ ಜೀವ ಇತ್ತು.

ಶಾಂತಕ್ಕನ ಊರು ಹಿರೇಬೆಂಡಿಗೇರಿ. ಒಕ್ಕಲುತನದ ಮನಿ. ಹಠಾ ಹಿಡದು, ಅಣ್ಣನ ಜೋಡಿ ಜಗಳಾಡಿ ಸಂಗೀತ ಕಲತಾಕಿ. ಹಾಡಿದ್ರ ಹೊಟ್ಟಿ ತುಂಬ್ತೈತೇನು ಅಂತ ಅಂವ ಕೇಳಿದಾಗ, ತುಂಬಿಸಿ ತೋರಸ್ತೇನಿ ಅಂತ ಹೇಳಿ ಶಿಗ್ಗಾಂವಿ ಬಸ್ ಹತ್ತಿದಾಕಿ. ಬಸ್ ಸ್ಟ್ಯಾಂಡ್ ಹಿಂದ ಒಂದು ಬಾಡಿಗಿ ಖೋಲಿ ಹಿಡಿದಾಳ. ಆ ಖೋಲಿ ಕೀಲಿಕೈ ಸೊಂಟಕ್ಕ ಸಿಗಿಸಿಕೊಂಡು, ಅರಮನಿ ಯಜಮಾನಿ ಗತೆ ಅಡ್ಡಾಡ್ತಾಳ. ಸಂಕೋಚ ಅನ್ನೋದು ಆಕಿ ಹಂತೇಕ ಸುಳಿಯೂದಿಲ್ಲ. ಸವಣೂರಿಂದ ಹಿರೇಕೆರೂರ ತನಕ ತನ್ನಂಥಾ ಷಡ್ಜ ಯಾರಿಗೂ ಇಲ್ಲ ಅಂತ ಆಕಿ ತಾನ ಹೇಳಿಕೋತಾಳ. ಕೇಳಿದ್ರ ಹೌದು ಅನಸ್ತದ, ಅದು ಬ್ಯಾರೆ ಮಾತು.

ಆದ್ರ ಆಕಿ ಹುದ್ದೆ ಹಂಗಾಮಿ. ಹಂಗಾಮಿ ಅಂದ್ರ ಗೊತ್ತಲ್ಲ? ತುಂಬಿದ ಬಸ್ಸಿನ್ಯಾಗ ಕಂಡಕ್ಟರ್ ಸೀಟಿನ ಮ್ಯಾಲೆ ಕೂತಂಗ. ಯಾವ ಸ್ಟಾಪಿಗೆ ಏಳ್ರಿ ಅಂತಾರೋ ಹೇಳಲಿಕ್ಕಾಗೂದಿಲ್ಲ. ವರ್ಷಾ ಜೂನಿಗೆ ಹೊಸಾ ಆರ್ಡರ್ ಬರೋ ತನಕ ಆಕಿ ಮಾರಿ ನೋಡಬಾರದು. ಈ ಸಲ ಸಾಹೇಬ್ರು ಬಂದು ನೋಡಿದ ಮ್ಯಾಲೆ ಒಂದೋ ಖಾಯಂ, ಇಲ್ಲಾ ಹುದ್ದೇನ ಬಂದ್. ಬಂದ್ ಆದ್ರ ಆ ಕೀಲಿಕೈ ಮನಿ ಮಾಲಕರಿಗೆ ಕೊಟ್ಟು, ಅಣ್ಣನ ಹೊಲಕ್ಕ ಬುತ್ತಿ ಹೊತ್ತುಕೊಂಡು ಹೋಗೋದು.

ಸಾಹೇಬರ ಮುಂದ ಹುಡುಗೂರ ಕಡೆಯಿಂದ ಸ್ವಾಗತಗೀತೆ ಹಾಡಿಸಬೇಕು ಅಂತ ಆಕಿ ತಯಾರಿ ಸುರು ಮಾಡಿದ್ಲು. ತಾನ ಕಟ್ಟಿದ ಹಾಡು. ಛಲೋ ಇತ್ತು.

ಅಷ್ಟರಾಗ ನಮ್ಮ ಹೆಡ್ ಮಾಸ್ತರು ವೆಂಕಣ್ಣಾಚಾರ್ಯರಿಗೆ ಒಂದು ವಿಚಾರ ಹೊಳೀತು. ಅವರೂ ಸವಣೂರಿನವರು, ನಮ್ಮ ತವರಮನಿ ಓಣಿಯವರು. ಅವರ ಅಜ್ಜಾರಿಗೆ ವೇದ ಹಿಂದ ಮುಂದ ಎರಡೂ ಕಡೆಯಿಂದ ಬಾಯಿಪಾಠ ಇತ್ತಂತ. ಮನುಷ್ಯಾ ಭಾಳ ಒಳ್ಳೆಯವರು. ಒಳ್ಳೆಯವರಿಗೆ ವಿಚಾರ ಹೊಳದ್ರ ನನಗ ಅಂಜಿಕಿ ಬರ್ತದ, ಯಾಕಂದ್ರ ಬ್ಯಾಡ ಅನ್ನಲಿಕ್ಕೆ ಬಾಯಿ ಬರೂದಿಲ್ಲ.

ವಿಚಾರ ಏನಂದ್ರ, ಸ್ವಾಗತಗೀತೆ ಕಂಪ್ಯೂಟರ್ ಹಾಡಲಿ. ಸಾಹೇಬ್ರು ಬೆರಗಾಗ್ತಾರ, ಇನ್ನೂ ನಾಲ್ಕು ಕಂಪ್ಯೂಟರ್ ಕೊಡ್ತಾರ, ನಮ್ಮ ಸಾಲಿ ಹೆಸರು ಧಾರವಾಡದಾಗ ಆಗ್ತದ.

ಶಾಂತಕ್ಕ ನೇರ ಕೇಳಿದ್ಲು, ಅದು ಹಾಡಿದ್ರ ನಾ ಯಾಕ್ರಿ ಅಂತ. ಹೆಡ್ ಮಾಸ್ತರು ನಕ್ಕು, ನಿಮ್ಮ ಹಾಡ ಅಲ್ಲೇನವಾ, ನಿಮ್ಮ ಹೆಸರು ಹೇಳೇ ಹೇಳ್ತೇವಿ ಅಂದ್ರು. ಖಾಯಂ ಮಾಡ್ರಿ ಅಂತ ಶಿಫಾರಸು ಬರೀಬೇಕಾದವರು ಅವರ. ಆಕಿ ಏನು ಮಾಡ್ಬೇಕು? ಹೂಂ ಅಂದ್ಲು.

ಈಗ ಸ್ವಲ್ಪ ಪಾಠ. ಹೆದರಬ್ಯಾಡ್ರಿ, ಪರೀಕ್ಷಾ ಇಲ್ಲ.

ಕಂಪ್ಯೂಟರಿಗೆ ಸರಿಗಮ ತಿಳಿಯೂದಿಲ್ಲ, ಅಂಕಿ ತಿಳೀತದ. ಹಿಂಗಾಗಿ ಸಾ ಅಂದ್ರ ಸೊನ್ನಿ ಅಂತ ಹಿಡಕೊಂಡೆ. ರಿ ಎರಡು, ಗ ನಾಲ್ಕು, ಹಿಂಗ ಏರಿಕೋತ ಹೋಗೋದು. ಪ್ರತಿ ಸ್ವರದ ಬೆನ್ನಿಗೆ ಇನ್ನೊಂದು ಅಂಕಿ, ಆ ಸ್ವರ ಎಷ್ಟೊತ್ತು ಹಿಡೀಬೇಕು ಅನ್ನೋದು. ಸ್ವರ, ಹೊತ್ತು. ಸ್ವರ, ಹೊತ್ತು. ಇಡೀ ಹಾಡು ಹಿಂಗ ಅಂಕಿ ಆಗಿ ಒಂದು ಸಾಲಿನ್ಯಾಗ ಕೂಡಬೇಕು. ಆ ಸಾಲಿಗೆ ಕಂಪ್ಯೂಟರ್ ಭಾಷಾದಾಗ ಅರೇ ಅಂತಾರ. ಊಟದ ಪಂಕ್ತಿ ಅನ್ಕೊಳ್ರಿ. ಒಂದೊಂದು ಎಲಿ ಮ್ಯಾಲೆ ಒಂದೊಂದು ಅಂಕಿ ಬಡಸ್ಕೋತ ಹೋಗೋದು. ಎಲ್ಲಾ ಬಡಿಸಿ ಆದ ಮ್ಯಾಲೆ ಕಂಪ್ಯೂಟರ್ ಎರಡೆರಡು ಎಲಿ ಎತ್ತಿಕೊಂಡು, ಮೊದಲನೇದನ್ನ ಸ್ವರ ಅಂತ, ಎರಡನೇದನ್ನ ಹೊತ್ತು ಅಂತ ತಿಳಕೊಂಡು ನುಡಸ್ತದ. ಅದಕ್ಕ ತಿಳಿಯೋದು ಇಷ್ಟ. ಎಲಿ ಮ್ಯಾಲೆ ಪಾಯಸಾ ಅದನೋ ಉಪ್ಪು ಅದನೋ ಅಂತ ಅದು ಕೇಳೂದಿಲ್ಲ.

ಸಾಲಿ ಬಿಟ್ಟ ಮ್ಯಾಲೆ ಶಾಂತಕ್ಕ ಹಾಡೋದು, ನಾ ಒತ್ತೋದು, ಹೆಡ್ ಮಾಸ್ತರು ಬೆನ್ನ ಹಿಂದ ನಿಂತು ನೋಡೋದು. ಒಂದು ಸಾಲು ಹಾಡಿದ್ರ ನಾಲ್ಕು ಜಗಳ.

ಗ ದಿಂದ ಮ ಕ್ಕ ಹೋಗೂ ಮುಂದ ಆಕಿ ನೇರ ಹೋಗೂದಿಲ್ಲ, ಜಾರಕೋತ ಹೋಗ್ತಾಳ. ಎರಡರ ನಡುವ ಅಷ್ಟೊಂದು ದಾರಿ ಅದ. ಅದನ್ನೆಲ್ಲಾ ಎಲ್ಲಿ ಹಾಕ್ತೀರಿ ತೋರಸ್ರಿ ಅಂತ ಕೂತ್ಲು. ಹೌದಲ್ಲ, ಎಲ್ಲಿ ಹಾಕಲಿ? ನಡುವಿನ ದಾರಿನ್ನ ಸಣ್ಣ ಸಣ್ಣ ತುಂಡು ಮಾಡಿ, ತುಂಡಿಗೊಂದು ಅಂಕಿ, ಅದರ ಬೆನ್ನಿಗೊಂದು ಅಂಕಿ ಅಂತ ತುಂಬಿಕೋತ ಹೋದೆ. ಸಾವಿರಗಟ್ಟಲೆ ಆದ್ವು. ಪಲ್ಲವಿ ಮುಗಿಯೂದರಾಗ ಪಡದೆ ಮ್ಯಾಲೆ ಬಂತು: ನೋ ರೂಮ್. ಲಗ್ನದ ಸೀಜನ್ನಿನ್ಯಾಗ ಹುಬ್ಬಳ್ಳಿ ಲಾಡ್ಜಿನವರು ಹೇಳ್ತಾರಲ್ಲ, ಥೇಟ್ ಹಂಗ.

ಇಷ್ಟಕ್ಕ ಹೊಟ್ಟಿ ತುಂಬಿತೇನು ಇದರದು ಅಂತ ಹೆಡ್ ಮಾಸ್ತರಿಗೆ ಭಾಳ ಬ್ಯಾಸರಾತು. ನಮ್ಮ ಅಜ್ಜಾರ ತಲಿಯೊಳಗ ನಾಲ್ಕು ವೇದಕ್ಕ ಜಾಗಾ ಇತ್ತು, ಇದಕ್ಕ ಒಂದು ಸ್ವಾಗತಗೀತೆಗೆ ಇಲ್ಲ ಅಂದ್ರು. (ಅಂದ್ರೂ ಫ್ಯಾನು ಮಾತ್ರ ಕಂಪ್ಯೂಟರಿಗೇ ಇರಲಿ ಅಂದ್ರು.)

ಕಡೀಕ ಜಾರೋದನ್ನ ಬಿಟ್ವಿ. ಆಮ್ಯಾಲೆ ಓಡೋ ತಾನಗೋಳನ್ನ ಬಿಟ್ವಿ. ಆಮ್ಯಾಲೆ ಅಲ್ಲಲ್ಲೆ ಆಕಿ ದನಿ ನಡುಗಿಸ್ತಾಳಲ್ಲ, ಅದನ್ನೂ ಬಿಟ್ವಿ. ಹಾಡಿನ್ಯಾಗ ಏನೇನು ಚಂದಿತ್ತೋ ಅದನ್ನೆಲ್ಲಾ ತಗದ ಮ್ಯಾಲೆ ಹಾಡು ಬರೋಬ್ಬರಿ ಹಿಡೀತು. ಒಟ್ಟು ಎಂಟುನೂರು ಅಂಕಿ. ಎಂಟುನೂರಕ್ಕ ಎಂಟುನೂರು, ಒಂದೂ ಹೆಚ್ಚಿಲ್ಲ ಕಮ್ಮಿಲ್ಲ ಅಂತ ನಾ ಹೆಮ್ಮಿಲೆ ಹೇಳಿದೆ. ಹೆಡ್ ಮಾಸ್ತರ ಮಾರಿ ಸ್ವಲ್ಪ ಸಣ್ಣದಾತು. ಯಾಕ ಅಂತ ಆವಾಗ ನನಗ ತಿಳೀಲಿಲ್ಲ.

ಕರೆಂಟ್ ಹೋದ್ರ ಕಂಪ್ಯೂಟರ್ ಎಲ್ಲಾ ಮರೀತದ, ಇಷ್ಟು ಅಂಕಿನ್ನ ದಿನಾ ಒತ್ತಲಿಕ್ಕಾಗ್ತದೇನು? ಕ್ಯಾಸೆಟ್ಟಿನ್ಯಾಗ ತುಂಬಿ ಇಡಬೇಕು, ಬೇಕಾದಾಗ ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಇಳಿಸಬೇಕು. ಹಂಗ ತುಂಬಿ ಇಟ್ಟೆ. ಹೆಡ್ ಮಾಸ್ತರು ಒಂದಿನ ಆ ಕ್ಯಾಸೆಟ್ಟನ್ನ ಮನಿಗೆ ಒಯ್ದು, ಮನಿ ಮಂದಿನೆಲ್ಲಾ ಚಾಪಿ ಮ್ಯಾಲೆ ಕೂಡಿಸಿ, ಕೇಳ್ರಿ ನಮ್ಮ ಸಾಲಿ ಹಾಡು ಅಂತ ಹಚ್ಚಿದ್ರಂತ. ಕೀಂ ಅಂತ ಒಂದು ಚೀರಾಟ ಸುರುವಾದದ್ದು ನಿಲ್ಲಲೇ ಇಲ್ಲಂತ. ಪಾಪ, ಅಂಕಿಗೋಳು ಟೇಪಿನ್ಯಾಗ ಇರೋದ ಹಂಗ. ಮರುದಿನ ಬಂದು ಕ್ಯಾಸೆಟ್ ಕೈಯಾಗ ಕೊಟ್ಟು, ಹಾಡು ಇನ್ನೂ ಹಸೀ ಅದನೇನವಾ ಅಂತ ಕೇಳಿದ್ರು.

ಶನಿವಾರ ತಾಲೀಮು. ಕ್ಯಾಸೆಟ್ ಹಚ್ಚಿ, ಅರೇ ತುಂಬಿಸಿ, ಒತ್ತಿದೆ. ಹಾಡಿತು ನೋಡ್ರಿ. ಬಸ್ಸಿನ ಹಾರ್ನಿಗೆ ಸಂಗೀತ ಕಲಿಸಿದಂಗಿತ್ತು ಖರೇ, ಆದ್ರ ಹಾಡು ಅದ. ಗುರ್ತು ಹತ್ತತಿತ್ತು. ಹುಡುಗೂರು ಕಿಡಕಿಯಾಗ ಹಣಿಕಿ ಹಾಕಿ, ಶಾಂತಕ್ಕೋರ ಹಾಡು ಅಂತ ಕುಣದಾಡಿದ್ವು.

ಶಾಂತಕ್ಕ ಕಿಡಕಿ ಹಂತೇಕ ಹೋಗಿ ಹುಡುಗೂರನ್ನ ಮನಿಗೆ ಅಟ್ಟಿದ್ಲು. ಆಮ್ಯಾಲೆ ನನ್ನ ಜೋಡಿ ಗೇಟಿನ ತನಕ ನಡಕೋತ ಬಂದು, ಒಂದ ಒಂದು ಮಾತು ಕೇಳಿದ್ಲು.

“ಅಕ್ಕೋರ, ಅದು ಕೆಟ್ಟು ಹಾಡಲಿ ಅಂತ ದೇವರಿಗೆ ಬೇಡಿಕೊಂಡ್ರ ನಿಮಗ ಸಿಟ್ಟು ಬರ್ತೈತೇನ್ರಿ?”

ಏನು ಹೇಳಲಿ ಹೇಳ್ರಿ? ನಾ ಅಷ್ಟು ದಿನ ಕಣ್ಣು ಉರಿಸಿಕೊಂಡು ಒತ್ತಿದ ಎಂಟುನೂರು ಅಂಕಿ. ಅವು ಬರೋಬ್ಬರಿ ಕೂತು ಹಾಡಿದ್ರ ನನಗ ಶಾಭಾಸಕಿ. ಶಾಭಾಸಕಿ ಬಂದ್ರ ಆಕಿಗೆ ಬುತ್ತಿ. ಬೇಡಿಕೋವಾ ಅಂದೆ.

ಸೋಮವಾರ. ಮುಂಜಾನೆ ಎದ್ದು ಬಂದು, ಕರೆಂಟ್ ಇದ್ದಾಗ ಕ್ಯಾಸೆಟ್ಟಿನಿಂದ ಅಂಕಿ ಇಳಿಸಿ, ಎಲ್ಲಾ ತಯಾರು ಮಾಡಿ ಇಟ್ಟೆ. ಸಾಹೇಬರ ಜೀಪು ಹುಬ್ಬಳ್ಳಿ ಬಿಟ್ಟದ ಅಂತ ಫೋನ್ ಬಂತು. ರಂಗೋಲಿ ಹಾಕ್ಸಬೇಕು ಅಂತ ಹೊರಗ ಹೋದೆ. ಕಂಪ್ಯೂಟರ್ ಹಂತೇಕ ಉಳಿದವರು ವೆಂಕಣ್ಣಾಚಾರ್ಯರು ಒಬ್ಬರ, ಆರತಿ ತಟ್ಟಿ ಹಿಡಕೊಂಡು.

ಸಾಹೇಬ್ರು ಬಂದ್ರು. ಬೆಂಗಳೂರು ಕಡೆಯವರು, ಹೊಸದಾಗಿ ಬದಲಿ ಆಗಿ ಬಂದವರು. ಸವಣೂರ ಖಾರ, ಚಹಾ, ಎಲಿ ಅಡಕಿ ಎಲ್ಲಾ ಆತು. ಹೆಡ್ ಮಾಸ್ತರು ಎದ್ದು, ಈಗ ನಮ್ಮ ಕಂಪ್ಯೂಟರ್ ನಿಮಗ ಸ್ವಾಗತ ಕೋರ್ತದ ಅಂದ್ರು. ಶಾಂತಕ್ಕನ ಹೆಸರು ಹೇಳ್ತೇವಿ ಅಂದಿದ್ದು ಮರತೇ ಹೋಗಿತ್ತು. ಆಕಿ ಹುಡುಗೂರ ಜೋಡಿ ಮೂಲ್ಯಾಗ ಹಾರ್ಮೋನಿಯಂ ಹಿಡಕೊಂಡು ನಿಂತಿದ್ಲು. ನಾ ಒತ್ತಿದೆ.

ಪೀಂ. ಪೀಂ ಪೋಂ. ಪೋಂಓಂಓಂ. ಪೀಂ.

ಮೂರನೇ ಪೀಂಗೆ ನನಗ ತಿಳದುಹೋತು. ಪಂಕ್ತಿ ಒಂದು ಎಲಿ ಸರದದ. ಮೊದಲಿಗೆ ಯಾವನೋ ಕರೀದ ಬೀಗ ಬಂದು ಕೂತುಬಿಟ್ಟಾನ, ಹಿಂಗಾಗಿ ಎಲ್ಲಾರೂ ಒಂದೊಂದು ಜಾಗಾ ಹಿಂದ ಸರದಾರ. ಸ್ವರ ಇರಬೇಕಾದಲ್ಲೆ ಹೊತ್ತು, ಹೊತ್ತು ಇರಬೇಕಾದಲ್ಲೆ ಸ್ವರ. ಕಂಪ್ಯೂಟರ್ ತನ್ನ ಪಾಡಿಗೆ ಎರಡೆರಡು ಎತ್ತಿಕೊಂಡು ನುಡಸ್ಲಿಕ್ಕತ್ತದ. ಎಲ್ಲಕ್ಕಿಂತಾ ಮಜಾ ಏನಂದ್ರ, ಸಾ ಅಂದ್ರ ಸೊನ್ನಿ ಅಲ್ಲೇನು? ಆ ಸೊನ್ನಿ ಈಗ ಹೊತ್ತಾಗಿ ಕೂತದ. ಸೊನ್ನಿ ಹೊತ್ತು ನುಡಸು ಅಂದ್ರ ಏನು ನುಡಸ್ಬೇಕು ಅದು? ಹಿಂಗಾಗಿ ಎಲ್ಲೆಲ್ಲೆ ಸಾ ಬರಬೇಕಿತ್ತೋ ಅಲ್ಲೆಲ್ಲಾ ಬಾಯಿ ಮುಚ್ಚಿ ಮುಂದ ಹೋಗ್ತಿತ್ತು. ಇಡೀ ಹಾಡಿನ್ಯಾಗ ಸಾ ಅನ್ನೋದ ಇಲ್ಲ.

ನಿಲ್ಲಿಸಬೇಕು ಅಂತ ಕೈ ಮುಂದ ಮಾಡಿದೆ. ಹೆಡ್ ಮಾಸ್ತರು ಕಣ್ಣಿಲೆ ಬ್ಯಾಡ ಅಂದ್ರು. ನೋಡಿದ್ರ ಸಾಹೇಬ್ರು ಕಣ್ಣು ಮುಚ್ಯಾರ, ತಲಿ ತೂಗ್ಲಿಕ್ಕತ್ತಾರ. ಸಾಹೇಬ್ರು ತೂಗಿದ್ದು ನೋಡಿ ಉಳಿದವರೂ ತೂಗಿದ್ರು. ಸೈನ್ಸ್ ಮಾಸ್ತರಂತೂ ನಡನಡುವ ವಾಹ್ ಅಂತಿದ್ರು. ಶನಿವಾರ ಖರೇ ಹಾಡು ಕೇಳಿದವರ ಇವರು. ಶಾಂತಕ್ಕನ ಕಡೆ ನೋಡಿದೆ. ಆಕಿ ಮಾರಿ ಅರಳಿತ್ತು. ಕಿವಿ ಇದ್ದವರು ಯಾರರ ಇದನ್ನ ಹಾಡು ಅಂತಾರೇನು ಅಂತ ಧೈರ್ಯ ಬಂದಿತ್ತು ಪಾಪ ಆಕಿಗೆ.

ಚಪ್ಪಾಳಿ ಬಿತ್ತು. ಆ ಚಪ್ಪಾಳಿ ಬಗ್ಗೆ ಮೊದಲ ಹೇಳೇನಿ.

ನಾ ಬಗ್ಗಿ ಪಡದೆ ಮ್ಯಾಲೆ ಅಂಕಿಗೋಳನ್ನ ತರಿಸಿ ನೋಡಿದೆ. ಎಲ್ಲಾ ಸಾಲಿನ ಮ್ಯಾಲೆ, ಎಲ್ಲಾಕ್ಕಿಂತಾ ಮೊದಲಿಗೆ, ಒಂಟಿ ಒಂದು ಕೂತಿತ್ತು. ಅದನ್ನ ನಾ ಒತ್ತಿದ್ದಿಲ್ಲ. ಹೊಳ್ಳಿ ನೋಡಿದ್ರ ವೆಂಕಣ್ಣಾಚಾರ್ಯರು ನಗ್ಲಿಕ್ಕತ್ತಾರ. ಕಿವಿ ಹಂತೇಕ ಬಂದು ಅಂದ್ರು:

“ಸೊನ್ನಿಯಿಂದ ಮಂಗಳಕಾರ್ಯ ಸುರು ಮಾಡ್ತಾರೇನವಾ? ಅದಕ್ಕ ಮುಂದೊಂದು ಒಂದು ಇಟ್ಟೆ. ಎಂಟುನೂರು ಇದ್ದದ್ದು ಎಂಟುನೂರಾ ಒಂದಾತು.”

ಈಗ ನೀವ ಹೇಳ್ರಿ, ಅವರಿಗೆ ಏನನ್ನಬೇಕು? ನಾವು ಲಗ್ನದಾಗ ಆಹೇರಿ ಮಾಡೂ ಮುಂದ ನೂರು ಕೊಡ್ತೇವೇನು? ನೂರಾ ಒಂದು ಕೊಡ್ತೇವಿ. ಬರೇ ನೂರು ಕೊಟ್ಟವರನ್ನ ಬೀಗರು ಹತ್ತು ವರ್ಷ ಆಡಿಕೋತಾರ. ಆ ಒಂದರ ಮ್ಯಾಲೆ ನಮ್ಮ ಕಡೆ ಸಂಸಾರಗಳ ನಿಂತಾವ. ಆದ್ರ ಅದನ್ನ ಕಂಪ್ಯೂಟರಿಗೆ ಹೇಳಿದವರು ಯಾರು? ಅದೂ ತಕರಾರು ಮಾಡಲಿಲ್ಲ. ಅರೇದಾಗ ಎಣಿಕಿ ಸೊನ್ನಿಯಿಂದ ಸುರುವಾಗ್ತದ, ಹಿಂಗಾಗಿ ಎಂಟುನೂರು ಎಲಿ ಹಾಕು ಅಂದ್ರ ಒಂದೆಲಿ ಹೆಚ್ಚಿಗೇನ ಹಾಕಿರ್ತದ. ಆಹೇರಿ ಒಂದು ಅಲ್ಲೆ ಆರಾಮ ಕೂತುಬಿಟ್ಟಿತು.

ಆಮ್ಯಾಲೆ ಶಾಂತಕ್ಕನ ಹುಡುಗೂರು ಹಾಡಿದ್ವು. ಛಲೋ ಹಾಡಿದ್ವು. ಸಾಹೇಬ್ರು ಗಡಿಯಾರ ನೋಡಿಕೊಂಡ್ರು. ಹಾಡು ಮುಗಿಯೂದರಾಗ ತಮ್ಮ ಫೈಲು ಮುಚ್ಚಿ, ಇಂಥ ಮಷೀನ್ ಇರುವಾಗ ಸಂಗೀತಕ್ಕೆ ಬೇರೆ ಹುದ್ದೆ ಯಾಕೆ ಬೇಕು ಅಂತ ಹೆಡ್ ಮಾಸ್ತರನ್ನ ಕೇಳಿದ್ರು. ಅವರು ನೆಲಾ ನೋಡಿದ್ರು. ಶಾಂತಕ್ಕನ ನಗು ಅಲ್ಲೆ ಆರಿಹೋತು.

ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ. ಸಾಹೇಬ್ರ, ಅದು ತಪ್ಪು ಹಾಡೇದ, ಸ್ವಲ್ಪ ಕೂಡ್ರಿ ಅಂದೆ. ಒಂದನ್ನ ತಗದು, ಮತ್ತೊಮ್ಮೆ ಅರೇ ತುಂಬಿಸಿ, ಖರೇ ಹಾಡು ನುಡಿಸಿದೆ. ಈಗರ ಇವರಿಗೆ ಫರಕು ತಿಳೀತದ, ಕಂಪ್ಯೂಟರ್ ಮ್ಯಾಲೆ ಭರೋಸಾ ಇಡಬಾರದು ಅಂತ ಗೊತ್ತಾಗ್ತದ ಅಂದುಕೊಂಡೆ. ಹುಚ್ಚು ನಂದು.

ಸಾಹೇಬ್ರು ಕೇಳಿ, ಇದು ಬೇಡ ಮೇಡಂ, ಮೊದಲನೆಯದೇ ಚೆನ್ನಾಗಿತ್ತು ಅಂದ್ರು. ಇದು ನಿಮ್ಮ ಹುಡುಗರು ಹಾಡಿದ ಹಾಗೇ ಇದೆ, ಅದು ಕೇಳಿದರೆ ಕಂಪ್ಯೂಟರ್ ಅಂತ ಗೊತ್ತಾಗ್ತಿತ್ತು, ತುಂಬಾ ಅಡ್ವಾನ್ಸ್ಡ್ ಆಗಿತ್ತು ಅಂದ್ರು. ಹೆಡ್ ಮಾಸ್ತರು ನನ್ನ ಕಡೆ ನೋಡಿದ್ರು, ನಾ ಹೇಳಿದ್ದಿಲ್ಲೇನು ಅನ್ನೂವಂಗ.

ನೋಡ್ರಿ, ತಿಳಿಯೋ ಹಾಡು ಹಾಡಿದ್ರ ಅದು ಸಾಲಿ ಹುಡುಗೂರ ಹಾಡು. ತಿಳೀದ್ದು ಹಾಡಿದ್ರ ವಿಜ್ಞಾನ. ಡಾಕ್ಟರ್ ಚೀಟಿ ಓದಲಿಕ್ಕೆ ಬಂದ್ರ ನಮಗ ಆ ಡಾಕ್ಟರ್ ಮ್ಯಾಲೆ ವಿಶ್ವಾಸ ಕೂಡೂದಿಲ್ಲ, ಹೌದಿಲ್ಲೋ? ಬ್ಯಾಂಕಿನವರು ತಿಳಿಯೂವಂಗ ಮಾತಾಡಿದ್ರ ಇವರೇನು ಖರೇ ಮ್ಯಾನೇಜರ್ರೋ ಅಂತ ಸಂಶಯ. ನಾವು ಹಂಗ ಇದ್ದೇವಿ. ಸಾಹೇಬ್ರು ನಮಗಿಂತಾ ಸ್ವಲ್ಪ ದೊಡ್ಡ ಕುರ್ಚಿ ಮ್ಯಾಲೆ ಕೂತಿದ್ರು ಅಷ್ಟ.

ಸಿಟ್ಟು ಬಂದಿತ್ತು ನನಗ. ಕೇಳೇ ಬಿಟ್ಟೆ.

“ಸಾಹೇಬ್ರ, ಈ ಎಂಟುನೂರು ಅಂಕಿ ಎಲ್ಲಿಂದ ಬಂದಾವ ಅನಕೊಂಡೀರಿ? ಇವರ ಗಂಟಲದಿಂದ ಬಂದಾವ.”

ಸಾಹೇಬ್ರು ಶಾಂತಕ್ಕನ ಕಡೆ ಒಮ್ಮೆ ನೋಡಿದ್ರು. ಸಿಟ್ಟಿಲ್ಲ, ಕೆಟ್ಟತನಾನೂ ಇಲ್ಲ. ಭಾಳ ಸಮಾಧಾನದಿಂದ ಅಂದ್ರು:

“ಈಗ ಬಂದಾಯ್ತಲ್ಲ, ಮೇಡಂ.”

ಜೀಪು ಹಿರೇಕೆರೂರ ಕಡೆ ಹೋತು. ಅಲ್ಲೆ ಇನ್ನೊಂದು ಸಾಲಿ ನೋಡೂದಿತ್ತಂತ.

ಆ ಮಾತು ನನ್ನ ಕಿವಿಯಿಂದ ಹೋಗವಲ್ದು. ಸುಗ್ಗಿ ಮುಗಿದ ಮ್ಯಾಲೆ ಎತ್ತಿಗೂ ನಾವು ಹಂಗನ್ನೂದಿಲ್ಲ. ಒಬ್ಬರು ವರ್ಷಾನುಗಟ್ಟಲೆ ಕಲತದ್ದು, ಜಗಳಾಡಿ ಕಲತದ್ದು. ಅದರಾಗಿನ ಒಂದ ಒಂದು ಹಾಡು, ಅದೂ ಜಾರೋದು ತಗದು, ನಡುಗೋದು ತಗದು, ಒಣಗಿಸಿ ಸಂಡಿಗಿ ಮಾಡಿದ ಹಾಡು. ಅದನ್ನ ಒಂದು ಕ್ಯಾಸೆಟ್ಟಿನ್ಯಾಗ ಹಾಕಿದ ಕೂಡಲೆ ಆ ಮನುಷ್ಯಾಳ ಕೆಲಸ ಮುಗದುಹೋತು. ಇನ್ನೊಂದು ಹಾಡು ಬೇಕಾದ್ರ? ಮುಂದಿನ ವರ್ಷದ ಹುಡುಗೂರಿಗೆ ಸ್ವರ ಹಚ್ಚಿ ಕೊಡೋರು ಯಾರು? ಎಂಟನೇತ್ತಿನ ಹುಡುಗಿ ಬೇಸೂರ ಹಾಡಿದ್ರ ಕಂಪ್ಯೂಟರ್ ಎದ್ದು ಬಂದು ಕಿವಿ ಹಿಂಡ್ತದೇನು? ಇದನ್ನೆಲ್ಲಾ ಬರದು ಶಿಫಾರಸು ಕಳಸ್ರಿ ಅಂತ ಹೆಡ್ ಮಾಸ್ತರ ಬೆನ್ನು ಹತ್ತಿದೆ. ಬರೀತೇನಿ ತಗೋವಾ ಅಂದ್ರು. ಅಮಾಸಿ ಕಳೀಲಿ ಅಂದ್ರು. ಅಮಾಸಿ ಕಳೀತು, ಏಕಾದಶಿ ಬಂತು. (ಒಳ್ಳೆಯವರು ಅಂತ ಹೇಳಿದ್ನಿಲ್ಲೋ?)

ಈ ಗುರುವಾರ ಆರ್ಡರ್ ಬಂತು. ಖಾಯಂ ಮಾಡಲಿಕ್ಕೆ ವರ್ಷಾನುಗಟ್ಟಲೆ ಕೈ ಬರದ ಆಫೀಸು, ತಗದು ಹಾಕೂ ಮುಂದ ಎಂಥಾ ಚುರುಕ ಆಗ್ತದ ನೋಡ್ರಿ.

ಒಂದ ಲಕೋಟಿಯೊಳಗ ಎರಡು ಆರ್ಡರ್. ಮೊದಲನೇದು, ಸಂಗೀತದ ಕೆಲಸ ಯಂತ್ರದಿಂದ ನಡೀತಿರೋದರಿಂದ ಸಂಗೀತ ಶಿಕ್ಷಕರ ಹುದ್ದೆ ಈ ತಿಂಗಳ ಕಡೀಕ ಬಂದ್. ಎರಡನೇದು, ಸದರಿ ಯಂತ್ರ ಭಾಳ ಉತ್ತಮ ಕೆಲಸ ತೋರಿಸಿರೋದರಿಂದ ಅದನ್ನ ಕ್ಯಾಸೆಟ್ ಸಮೇತ ಧಾರವಾಡದ ಕಚೇರಿಗೆ ಕಳಿಸಿಕೊಡಬೇಕು. ಅಲ್ಲೆ ಬರೋ ಹೋಗೋ ದೊಡ್ಡವರಿಗೆ ತೋರಸ್ತಾರಂತ.

ತಿಳೀತಲ್ಲ? ಕಂಪ್ಯೂಟರ್ ಅದ ಅಂತ ಶಾಂತಕ್ಕನ್ನ ತಗದ್ರು. ಛಲೋ ಹಾಡ್ತದ ಅಂತ ಕಂಪ್ಯೂಟರನ್ನ ಒಯ್ಲಿಕ್ಕತ್ತಾರ. ನಮ್ಮ ಹುಡುಗೂರಿಗೆ ಉಳಿದದ್ದು ಫ್ಯಾನು.

ಸಾಲಿಯೊಳಗ ಸೂತಕದ ವಾತಾವರಣ. ಕಂಪ್ಯೂಟರ್ ಹೊಂಟದ ಅಂತ. ಹೆಡ್ ಮಾಸ್ತರು ಕಣ್ಣು ಒರಸಿಕೊಂಡ್ರು. ಮಗಳನ್ನ ಗಂಡನ ಮನಿಗೆ ಕಳಿಸಿದಂಗ ಆಗ್ತದವಾ ಅಂದ್ರು. ಅವರು ಸುಳ್ಳು ಅಳ್ತಿದ್ದಿಲ್ಲ. ಅದ ನನಗ ಭಾಳ ತ್ರಾಸ ಆತು.

ಶಾಂತಕ್ಕ ಅಳಲಿಲ್ಲ. ಸಂಜೀಕ ನಮ್ಮನಿಗೆ ಬಂದು ಅಡಗಿಮನಿ ಕಟ್ಟಿ ಮ್ಯಾಲೆ ಕೂತು ಚಹಾ ಕುಡದ್ಲು. ಅಣ್ಣಗ ಕಾಗದ ಬರದೇನಿ ಅಂದ್ಲು. ಅಂವ ಏನೂ ಅನ್ನೂದಿಲ್ಲ, ಅನ್ನದ ಇರೂದ ಹೆಚ್ಚಿನ ಸಂಕಟ ಅಂದ್ಲು. ಆಮ್ಯಾಲೆ ಬಟ್ಟಲಾ ಕೆಳಗಿಟ್ಟು ಅಂದ್ಲು:

“ಅಕ್ಕೋರ, ನನ್ನ ಹಾಡು ಧಾರವಾಡಕ್ಕ ಹೊಂಟೈತಿ. ನಾ ಹಿರೇಬೆಂಡಿಗೇರಿಗೆ ಹೊಂಟೇನಿ.”

ಇನ್ನೊಂದೀಟು ಚಹಾ ಹಾಕಲೇನು ಅಂತ ಕೇಳಿದೆ. ಮತ್ತೇನು ಕೇಳಲಿ?

ನಿನ್ನೆ ಮುಂಜಾನೆ ಹೆಡ್ ಮಾಸ್ತರು ಸ್ಟಾಫ್ ಮೀಟಿಂಗ್ ಕರದ್ರು. ಬರೋ ಸೋಮವಾರ ಕಂಪ್ಯೂಟರಿಗೆ ಬೀಳ್ಕೊಡುಗೆ ಸಮಾರಂಭ. ಮಾಲಿ, ಆರತಿ, ಗ್ರೂಪ್ ಫೋಟೋ, ಸೈನ್ಸ್ ಮಾಸ್ತರ ಭಾಷಣ. ಇದಕ್ಕೊಂದು ಛಲೋ ಹಾಡು ಬೇಕು, ಮನಸ್ಸಿಗೆ ಹತ್ತೂವಂಥಾದ್ದು ಅಂದ್ರು. ಎಲ್ಲಾರೂ ಯಾರು ಹಾಡಬೇಕು ಅಂತ ಮಾರಿ ಮಾರಿ ನೋಡಿಕೊಂಡ್ರು. ವೆಂಕಣ್ಣಾಚಾರ್ಯರಿಗೆ ಮತ್ತ ಒಂದು ವಿಚಾರ ಹೊಳೀತು. ಹೆಂಗಿದ್ರೂ ತಿಂಗಳ ಕಡೀತನಕ ಶಾಂತಾಬಾಯಿ ಇರ್ತಾರಲ್ಲ, ಅವರ ಹಾಡಲಿ ಅಂದ್ರು. ಯಾರೂ ಬ್ಯಾಡ ಅನ್ನಲಿಲ್ಲ.

ನಾ ಎದ್ದು ನಿಂತು ಕೇಳಿದೆ, “ಆಗಲಿ ಸರ, ಕಂಪ್ಯೂಟರಿಗೆ ಶಾಂತಕ್ಕ ಹಾಡಲಿ. ಶಾಂತಕ್ಕಗ ಯಾರು ಹಾಡೋರು?”